ನೆನೆಹಾಕಿದ ಕಾಗದಗಳು

ಭಾವ ಉಜ್ಜಿನಪ್ಪ ಪಡಸಾಲೆಯ ಹೊಸ್ತಿಲಾಚೆ ನಿಂತು ಕೆಮ್ಮಿದಾಗ ಪಂಪಮ್ಮ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಳು. ಆ ಕೆಮ್ಮು ಅವಳಿಗೆ ಗೊತ್ತು. ಒಳಗೆ ಹೆಣ್ಣುಮಗಳು ಒಬ್ಬಳೇ ಇದ್ದಾಳೆ, ಸೆರಗು ಸರಿಮಾಡಿಕೊಳ್ಳಲಿ ಎಂದು ಕೆಮ್ಮುವ ಕೆಮ್ಮು. ಗಂಡ ಜಡೆಪ್ಪ ತೀರಿಕೊಂಡ ಮೇಲೆ ಅದಕ್ಕೆ ಇನ್ನಷ್ಟು ಮರ್ಯಾದೆ ಸೇರಿಕೊಂಡಿತ್ತು. ಅಕ್ಕಿ ಗಿರಣಿಯ ಯಜಮಾನ, ಹೊಸಪೇಟೆಯ ಬಜಾರಿನಲ್ಲಿ ನಡೆದರೆ ಅಂಗಡಿಯವರು ಎದ್ದು ನಿಲ್ಲುವ ಮನುಷ್ಯ, ಸತ್ತ ತಮ್ಮನ ಹೆಂಡತಿಗೆ ತನ್ನ ಮನೆಯ ಹಿಂಭಾಗದ ಎರಡು ಅಂಕಣ ಬಿಟ್ಟುಕೊಟ್ಟಿದ್ದ. ಜೋಳ ಬೇಳೆ ತಪ್ಪದೆ ಕಳಿಸುತ್ತಿದ್ದ. ಎದುರಿಗೆ ಬಂದರೆ ಕಣ್ಣನ್ನು ಗೋಡೆಯ ಮೇಲಿಡುತ್ತಿದ್ದ. ಅವನ ಮೇಲೆ ಸಿಟ್ಟಾಗಲು ಅವಳಿಗೆ ಒಂದು ಕಾರಣವೂ ಸಿಕ್ಕಿರಲಿಲ್ಲ.

"ತಂಗೀ, ತಮ್ಮನ ಟ್ರಂಕು ಒಳಗ ಐತಲ್ಲ?"

"ಐತ್ರಿ," ಎಂದಳು. ಸುಳ್ಳಲ್ಲ. ಟ್ರಂಕು ಇತ್ತು.

"ಮಧ್ಯಾಹ್ನ ತಾಲೂಕು ಕಚೇರಿಯಿಂದ ಬರತಾರ. ಮದರಾಸಿನಿಂದ ಮಿಲಿಟರಿ ಸಾಹೇಬ್ರು ಒಬ್ಬರು ಬಂದಾರ. ಜಡೆಪ್ಪ ಬರದಿಟ್ಟ ಕಾಗದ ಎಲ್ಲಾ ಅವರಿಗೆ ಬೇಕಾಗ್ಯಾವಂತ. ಹಿಂದಕ ಯಾವಾಗೋ ಸರ್ಕಾರಕ್ಕ ಬರಕೊಂಡಿದ್ದನಂತಲ್ಲ, ನೀರು ಇಳೀಲಾರದ ಬಟ್ಟಿ ಬಗ್ಗೆ, ಅದು ಯಾವುದೋ ಫೈಲಿನಾಗ ಸಿಕ್ಕೈತಿ. ರಬ್ಬರ್ ಬರೋ ದೇಶ ಎಲ್ಲಾ ಜಪಾನದವನ ಕೈಯಾಗ ಹೋದವು. ಈಗ ಇವರಿಗೆ ನಮ್ಮ ಜಡೆಪ್ಪ ನೆನಪಾಗ್ಯಾನ." ಉಜ್ಜಿನಪ್ಪನ ದನಿ ಒಂದು ಕ್ಷಣ ಬದಲಾಯಿತು. ತಮ್ಮನ ಬಗ್ಗೆ ಆ ದನಿಯಲ್ಲಿ ಹೆಮ್ಮೆಯನ್ನು ಅವಳು ಕೇಳಿದ್ದು ಅದೇ ಮೊದಲು. "ನಾನs ಅವನ್ನ ಹುಚ್ಚ ಅಂದಿದ್ದೆ. ಇರಲಿ. ಒಂದೀಟು ಧೂಳು ಕೊಡವಿ ಇಡು. ಹಾಲು ತರಿಸಿ ಕಳಿಸತೀನಿ, ಚಹಾ ಮಾಡಬೇಕಾಗತೈತಿ."

ಅವನು ಹೋದ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಅವಳು ಅದನ್ನು ತಿರುವಿ ಹಾಕಲಿಲ್ಲ. ಟ್ರಂಕಿನಲ್ಲಿ ಏನಿದೆ ಎಂದು ಭಾವ ಕೇಳಲಿಲ್ಲ, ನಾನು ಹೇಳಲಿಲ್ಲ, ಇದರಲ್ಲಿ ನನ್ನ ತಪ್ಪೇನು ಎಂದು ಮನಸ್ಸು ಒಂದು ಮೂಲೆಯಲ್ಲಿ ಕೂತು ವಾದ ಹೂಡಿತ್ತು. ಇನ್ನೊಂದು ಮೂಲೆ ಸುಮ್ಮನೆ ಎದುರಿಗಿದ್ದ ಬುಟ್ಟಿಯನ್ನು ನೋಡುತ್ತಿತ್ತು. ಒಲೆಯ ಪಕ್ಕ, ಜೋಳದ ಹಿಟ್ಟು ತುಂಬಿಕೊಂಡು, ಅಂಚಿಗೆ ಅರಿಸಿನ ಬಳಿದುಕೊಂಡು, ದುಂಡಗೆ, ಗಟ್ಟಿಯಾಗಿ ಅದು ಕೂತಿತ್ತು. ಹೋದ ಬೇಸಿಗೆಯಲ್ಲಿ ಮಾಡಿದವುಗಳಲ್ಲಿ ಒಂದು. ರದ್ದಿ ಕಾಗದವನ್ನು ಹರಿದು ನೆನೆಹಾಕಿ, ಮೆಂತ್ಯ ಸೇರಿಸಿ ಒರಳಿನಲ್ಲಿ ಕುಟ್ಟಿ, ಬೋರಲು ಹಾಕಿದ ಕೊಡದ ಮೇಲೆ ಮೆತ್ತಿ ಒಣಗಿಸಿದರೆ ಇಂಥ ಬುಟ್ಟಿಯಾಗುತ್ತದೆಂದು ಈ ಊರಿನ ಎಲ್ಲ ಹೆಂಗಸರಿಗೂ ಗೊತ್ತು. ಕಾಗದ ಸಿಗುವುದೇ ಕಷ್ಟ. ಅವಳ ಮನೆಯಲ್ಲಿ ಒಂದು ಟ್ರಂಕಿನ ತುಂಬ ಇತ್ತು.

ಹಿತ್ತಲಿನ ಕೊಟ್ಟಿಗೆಯೇ ಜಡೆಪ್ಪನ ಜಗತ್ತಾಗಿತ್ತು. ದನ ಕಟ್ಟುವುದನ್ನು ಬಿಟ್ಟ ಮೇಲೆ ಅವನು ಅಲ್ಲಿ ಕಲ್ಲಿನ ಒಲೆ ಹೂಡಿದ್ದ. ಅಗಸೆ ಎಣ್ಣೆ ಕಾಯಿಸಿ, ರಾಳ ಹಾಕಿ, ಸಂಡೂರಿನ ಗುಡ್ಡದಿಂದ ತಂದ ಕರಿಮಣ್ಣನ್ನು ಜರಡಿ ಹಿಡಿದು ಚೂರುಚೂರೇ ಸೇರಿಸಿ, ಆ ಪಾಕವನ್ನು ಡೇರೆ ಬಟ್ಟೆಗೆ ಬಳಿಯುತ್ತಿದ್ದ. ಬಟ್ಟೆ ಒಣಗಿದ ಮೇಲೆ ಅದರಲ್ಲಿ ನೀರು ಕಟ್ಟಿ ತೂಗುಹಾಕಿ, ಕೆಳಗೆ ತಟ್ಟೆಯಿಟ್ಟು, ಹನಿ ಬಿತ್ತೇ ಎಂದು ಬಗ್ಗಿ ನೋಡುತ್ತ ಕೂರುತ್ತಿದ್ದ. ಮನೆಯೆಲ್ಲ ಆ ಎಣ್ಣೆಯ ವಾಸನೆ. ಅವಳ ಸೀರೆ, ಕೂದಲು, ಹಾಸಿಗೆ, ಊಟದ ಅನ್ನ ಕೂಡ. ತವರಿಗೆ ಹೋದಾಗ ತಂಗಿಯರು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಮಕ್ಕಳಾಗದಿದ್ದುದಕ್ಕೂ ಆ ವಾಸನೆಯೇ ಕಾರಣವೆಂದು ಅತ್ತೆ ಬದುಕಿರುವವರೆಗೆ ಹೇಳಿದ್ದಳು. ಜಡೆಪ್ಪ ಕೆಟ್ಟವನಲ್ಲ. ಒಂದು ದಿನ ಕೈಯೆತ್ತಲಿಲ್ಲ, ಒಂದು ದಿನ ಬೈಯಲಿಲ್ಲ. ಉಪ್ಪು ಹೆಚ್ಚಾದರೂ ಉಂಡ, ಉಪ್ಪಿಲ್ಲದಿದ್ದರೂ ಉಂಡ. ಒಮ್ಮೆ ಬೇಕೆಂದೇ ಅವಳು ಸಾರಿಗೆ ಉಪ್ಪು ಹಾಕದೆ ಬಡಿಸಿ, ಎದುರಿಗೆ ಕೂತು, ಅವನ ಮುಖವನ್ನೇ ನೋಡಿದ್ದಳು. ಅವನು ಉಂಡು ಕೈ ತೊಳೆದು, "ಇವತ್ತ ಗಾಳಿ ಒಣಾ ಐತಿ, ಬಟ್ಟಿ ಜಲ್ದಿ ಆರತೈತಿ," ಎಂದು ಎದ್ದು ಹೋಗಿದ್ದ.

ಈಗ ಅದೇ ಕೊಟ್ಟಿಗೆಯಲ್ಲಿ ನಿಂತು ಅವಳು ಟ್ರಂಕಿನ ಮುಚ್ಚಳ ತೆಗೆದಳು. ಎಣ್ಣೆ ಅಂಟಿದ ತಳದಲ್ಲಿ ಒಂದು ಸತ್ತ ಜಿರಲೆ, ಒಂದು ಸೀಸದ ಪೆನ್ಸಿಲಿನ ತುಂಡು. ಮುಚ್ಚಿ, ಮತ್ತೆ ತೆಗೆದು ನೋಡಿದಳು. ಪೊಲೀಸರು ಒಯ್ದರು ಎಂದರೆ? ಆಗಸ್ಟಿನ ಗಲಾಟೆಯಲ್ಲಿ ಅವರು ಗಿರಣಿಯನ್ನು ಜಾಲಾಡಿದ್ದು ಊರಿಗೇ ಗೊತ್ತಿತ್ತು. ಯಾರೋ ಕಾಂಗ್ರೆಸ್ಸಿನ ಕರಪತ್ರಗಳನ್ನು ಅಕ್ಕಿ ಚೀಲಗಳ ನಡುವೆ ಬಚ್ಚಿಟ್ಟಿದ್ದಾರೆಂದು ಬಂದವರು ಹಿಂದಿನ ಈ ಮನೆಗೂ ಇಣುಕಿ ಹೋಗಿದ್ದರು. ಅವರೇ ಒಯ್ದರು ಎಂದರೆ ಯಾರು ಅಲ್ಲವೆನ್ನುತ್ತಾರೆ? ಆದರೆ ಅಂದು ಬಾಗಿಲಲ್ಲಿ ನಿಂತಿದ್ದ ಪೊಲೀಸಿನವ ನೀರು ಕೇಳಿ ಕುಡಿದು, ಚೊಂಬನ್ನು ಹಿಂದಕ್ಕೆ ಕೊಡುವಾಗ "ಸಿಟ್ಟಾಗಬ್ಯಾಡವ್ವಾ" ಎಂದಿದ್ದ. ಅವನ ಹೆಸರು ಕೇಳುತ್ತಾರೆ. ಅವನನ್ನು ಕರೆಸುತ್ತಾರೆ. ಅವನು ಅವಳ ಮುಖ ನೋಡುತ್ತಾನೆ. ಬೇಡ. ಹಾಗಾದರೆ ಕಳ್ಳರು. ಎಣ್ಣೆ ಜಿಡ್ಡಿನ ಕಾಗದವನ್ನು ಯಾವ ಕಳ್ಳ ಒಯ್ಯುತ್ತಾನೆ? ಯುದ್ಧಕ್ಕೆ ಬೇಕಾದದ್ದನ್ನು ಅಡಗಿಸಿದವರನ್ನು ಹಿಡಿದು ಬಳ್ಳಾರಿಯ ಜೇಲಿಗೆ ಹಾಕುತ್ತಾರಂತೆ. ಅಲ್ಲಿ ಹೆಂಗಸರಿಗೆ ಬೇರೆ ಕೋಣೆ ಇದೆಯೋ ಇಲ್ಲವೋ. ಅವಳು ಟ್ರಂಕಿನ ಎದುರಿಗೇ ಕುಕ್ಕರಿಸಿದಳು.

ಹಂಪಿಗೆ ಹೋದ ದಿನ ನೆನಪಾಯಿತು. ಮದುವೆಯಾಗಿ ಬಹಳ ವರ್ಷಗಳ ಮೇಲೆ ಒಂದು ಬೆಳಿಗ್ಗೆ ಜಡೆಪ್ಪ, "ಹಂಪಿಗೆ ಹೋಗೂಣು, ಸೀರಿ ಉಟ್ಕೋ," ಎಂದಿದ್ದ. ಕಡ್ಡಿರಾಂಪುರ ದಾಟುವಾಗ ಗಾಡಿಯ ಕುಲುಕಾಟಕ್ಕೆ ಅವನ ಭುಜ ಅವಳ ಭುಜಕ್ಕೆ ತಾಗುತ್ತಿತ್ತು. ಅವನು ಸರಿದು ಕೂರಲಿಲ್ಲ. ವಿರೂಪಾಕ್ಷನ ದರ್ಶನವಾಯಿತು. ಅಲ್ಲಿಂದ ಹೊಳೆಗೆ ಕರೆದೊಯ್ದ. ಕಂಪ್ಲಿಯಿಂದ ಬಂದ ಅಂಬಿಗನೊಬ್ಬ ತೊಗಲಿನ ಬದಲು ಜಡೆಪ್ಪನ ಬಟ್ಟೆ ಹೊದಿಸಿದ ಹೊಸ ಹರಿಗೋಲನ್ನು ಬಂಡೆಗಳ ನಡುವೆ ತೇಲಿಬಿಟ್ಟಿದ್ದ. "ಕುಂದ್ರು," ಎಂದ ಗಂಡ. ಅವಳು ಕೂತಳು. ಹರಿಗೋಲು ಮೆಲ್ಲಗೆ ಸುತ್ತುತ್ತ ನಡುಹೊಳೆಗೆ ಹೋಯಿತು. ಬಂಡೆಗಳು, ಮಂಟಪಗಳು, ಆಕಾಶ ಎಲ್ಲ ಅವಳ ಸುತ್ತ ತಿರುಗಿದವು. ಬುಡದಲ್ಲಿ ಒಂದು ಹನಿ ನೀರಿರಲಿಲ್ಲ. ದಡದಲ್ಲಿ ನಿಂತ ಗಂಡ ನಗುತ್ತಿದ್ದ; ತನ್ನನ್ನು ನೋಡಿಯೇ ನಗುತ್ತಿದ್ದಾನೆಂದು ಅವಳು ತಿಳಿದಳು. ಆ ದಿನವನ್ನು ಅವಳು ಬಹಳ ಕಾಲ, ಹಳೆಯ ರೇಷ್ಮೆ ಸೀರೆಯನ್ನು ಆಗಾಗ ಬಿಸಿಲಿಗೆ ಹಾಕಿ ಮಡಚಿಡುವ ಹಾಗೆ, ತೆಗೆದು ನೋಡಿ ಇಡುತ್ತಿದ್ದಳು.

ಅವನು ವಿಷಮಜ್ವರದಲ್ಲಿ ತೀರಿಕೊಂಡು, ತಿಥಿಯೆಲ್ಲ ಮುಗಿದು, ಬೇಸಿಗೆ ಹಿಡಿದ ಒಂದು ದಿನ ಟ್ರಂಕು ತೆಗೆದು ಓದಿದಳು. ತವರಿನಲ್ಲಿ ಅಣ್ಣನ ಪಕ್ಕ ಕೂತು ನಾಲ್ಕು ಅಕ್ಷರ ಕಲಿತಿದ್ದವಳು. ಗಂಡನ ಕೈಬರಹ ಅವಳಿಗೆ ಹೊಸದು. ಒಂದೇ ಸೂರಿನಡಿ ಅಷ್ಟು ವರ್ಷ ಬಾಳಿದರೂ ಅವನ ಅಕ್ಷರ ನೋಡಿರಲಿಲ್ಲ. ಎಷ್ಟು ಎಣ್ಣೆ, ಎಷ್ಟು ಹೊತ್ತು ಉರಿ, ಗಾಳಿ ಎತ್ತಣದು, ಬಟ್ಟೆ ಯಾವಾಗ ಆರಿತು. ಹಾಳೆಯ ಮೇಲೆ ಹಾಳೆ. ಯಾರನ್ನೋ ಹುಡುಕುತ್ತಿರುವಂತೆ ಬೆರಳಿಟ್ಟು ಓದಿದಳು. ಸಿಕ್ಕಿತು. 'ಹಂಪಿ ಹೊಳೆ. ಹರಿಗೋಲಿನಲ್ಲಿ ಭಾರ: ಎರಡು ಚೀಲ ಮರಳು, ಒಂದು ಹೆಣ್ಣಾಳು. ನೀರು ಇಳಿಯಲಿಲ್ಲ.' ಹೌದು, ಅಂದು ಅವಳ ಎದುರಿಗೆ ಎರಡು ಚೀಲಗಳಿದ್ದವು; ಹರಿಗೋಲು ವಾಲದಿರಲಿ ಎಂದು ಅಂಬಿಗ ಇಟ್ಟಿದ್ದಾನೆಂದು ಅವಳು ಅಂದುಕೊಂಡಿದ್ದಳು. ಇನ್ನೊಂದು ಕಡೆ ಮತ್ತೆ ಸಿಕ್ಕಿತು. 'ಕಲಕುವವರ ಕೈ ಸುಟ್ಟು ಕೆಲಸ ನಿಂತಿತು. ಪಾಕ ಹಾಳು. ಎಣ್ಣೆ ನಷ್ಟ.' ಆ ಪಾಕವನ್ನು ವರ್ಷಗಟ್ಟಲೆ ಕಲಕಿದವಳು ಅವಳೇ. ಅಂದು ಕುದಿಯುವ ಎಣ್ಣೆ ಎಡಗೈ ಮೇಲೆ ಹಾರಿ, ಅಂಗೈ ತೊಗಲು ಸುಲಿದು, ಒಂದು ತಿಂಗಳು ಬಲಗೈಯೊಂದರಲ್ಲೇ ಸೀರೆಯುಟ್ಟಿದ್ದಳು. ಮತ್ತೆಲ್ಲೂ ಸಿಗಲಿಲ್ಲ. ಅವಳಿಗೆ ಅಳು ಬರಲಿಲ್ಲ. ಎದ್ದು ಹಂಡೆಗೆ ನೀರು ತುಂಬಿದಳು. ಮೊದಮೊದಲು ಒಂದೊಂದೇ ಹಾಳೆ ಹರಿದಳು, ಆಮೇಲೆ ಕಟ್ಟುಗಟ್ಟಲೆ. ನೆನೆದ ಕಾಗದದ ನೀರು ಎರಡನೆಯ ದಿನಕ್ಕೆ ಕಪ್ಪಾಯಿತು. ಒನಕೆ ಎತ್ತಿ ಒರಳಿಗೆ ಬಿಡುವಾಗ ಒಳಗೆ ಏನೋ ಹಗುರಾಗಿ, ಹಗುರಾದದ್ದಕ್ಕೆ ಭಯವಾಗಿ, ಭಯವಾದಷ್ಟೂ ಜೋರಾಗಿ ಕುಟ್ಟಿದಳು. ಆಗ ಅದರ ಬೆಲೆ ಯಾರಿಗೂ ಗೊತ್ತಿರಲಿಲ್ಲ. ಭಾವನೇ ಅದನ್ನು ಕಸ ಅನ್ನುತ್ತಿದ್ದ. ಆದರೆ ಒಬ್ಬನಿಗೆ ಅದು ಏನಾಗಿತ್ತೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಕುಟ್ಟಿದ್ದಳು.

"ಪಂಪವ್ವಾ, ಏನ್ ಮಾಡಾಕ ಹತ್ತೀದಿ ಕತ್ತಲಾಗ?" ಹಿತ್ತಲ ಗೋಡೆಯಾಚೆಯ ಸುಂಕಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಪಂಪಮ್ಮ ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆಯೇ ಕೂತಳು. ಸುಂಕಮ್ಮನ ಒಬ್ಬನೇ ಮಗ ಭರಮಣ್ಣ ದಂಡಿಗೆ ಸೇರಿ, ಅಸ್ಸಾಮಿನ ಕಡೆ ಎಲ್ಲೋ ಇದ್ದ. ಅವನ ಕಾಗದ ಬಂದರೆ ಪಂಪಮ್ಮನೇ ಓದಿ ಹೇಳಬೇಕು. ಹೋದ ಸಲ ಅವನು ಬರೆದಿದ್ದ: ಇಲ್ಲಿ ಮಳೆ ನಿಲ್ಲುವುದಿಲ್ಲ, ಹೊದಿಕೆ ಆರುವುದಿಲ್ಲ, ಕಾಲಿನ ಬೆರಳ ಸಂದಿಗೆ ಹುಣ್ಣಾಗಿವೆ, ಹೊಳೆ ದಾಟುವಾಗ ಹೆದರಿಕೆಯಾಗುತ್ತದೆ, ನೀನು ಚಿಂತೆ ಮಾಡಬೇಡ. ಹೆದರಿಕೆಯ ಮಾತನ್ನು ಪಂಪಮ್ಮ ಓದದೆ ನುಂಗಿದ್ದಳು.

"ಊರಾಗೆಲ್ಲಾ ಅದs ಸುದ್ದಿ," ಎಂದಳು ಸುಂಕಮ್ಮ, ಮುಖವೆಲ್ಲ ಅರಳಿಸಿಕೊಂಡು. "ನಿನ ಗಂಡನ ವಿದ್ಯಾ ಸರ್ಕಾರ ತಗೊಂಡು ಹೋಗತೈತಂತ. ದಂಡಿನ ಹುಡುಗರಿಗೆ ಅಂಗಿ, ಡೇರೆ, ದೋಣಿ ಎಲ್ಲಾ ಅದರಾಗ ಮಾಡತಾರಂತ. ನೋಡು, ಸತ್ತ ಮ್ಯಾಲೂ ಪುಣ್ಯಾ ಕಟ್ಟಿಕೊಂಡ. ನನ ಮಗ ಇನ್ನ ತೊಯ್ಯೂದಿಲ್ಲ."

"ಹೂಂ," ಎಂದಳು ಪಂಪಮ್ಮ.

"ಯಾಕ ಮಾರಿ ಹಂಗ ಮಾಡೀದಿ? ಅವನ ನೆನಪಾತೇನು?"

"ಹೂಂ," ಎಂದಳು ಮತ್ತೆ. ಸುಂಕಮ್ಮ ಒಳಗೆ ಬಂದು ಅವಳ ತಲೆಯ ಮೇಲೆ ಕೈಯಿಟ್ಟಳು. ಆ ಕೈಯ ಭಾರಕ್ಕೆ ಪಂಪಮ್ಮನ ಕತ್ತು ಕುಗ್ಗಿತು.

ಬಿಸಿಲು ವಾಲುವ ಹೊತ್ತಿಗೆ ಅವರು ಬಂದರು. ಗಿರಣಿಯಿಂದ ಎರಡು ಕುರ್ಚಿ ತರಿಸಿ ಪಡಸಾಲೆಯಲ್ಲಿ ಹಾಕಿದ್ದರು. ಒಂದರಲ್ಲಿ ಮಿಲಿಟರಿ ಸಾಹೇಬ ಕೂತ. ಬಿಳಿಯನೇ ಬರುತ್ತಾನೆಂದುಕೊಂಡಿದ್ದ ಅವಳಿಗೆ, ಕನ್ನಡಕ ಹಾಕಿಕೊಂಡ ಕಪ್ಪನೆಯ ತರುಣನನ್ನು ಬಾಗಿಲ ಸಂದಿಯಿಂದ ಕಂಡು ಇನ್ನೂ ದಿಗಿಲಾಯಿತು. ಬಿಳಿಯನಾದರೆ ಏನೂ ತಿಳಿಯದೆ ಹೋಗುತ್ತಿದ್ದ. ಇನ್ನೊಂದರಲ್ಲಿ ತಾಲೂಕು ಕಚೇರಿಯ ಗುಮಾಸ್ತ ಹಾಲಸ್ವಾಮಿ, ವಿಭೂತಿ ಬಳಿದ ಹಣೆ, ಮೊಣಕಾಲ ಮೇಲೆ ಬರೆಯುವ ಹಲಗೆ. ಉಜ್ಜಿನಪ್ಪ ನಿಂತೇ ಇದ್ದ. ಚಹಾದ ಲೋಟಗಳನ್ನು ಹೊಸ್ತಿಲ ಮೇಲಿಟ್ಟು ಅವಳು ಬಾಗಿಲ ಹಿಂದೆ ಸರಿದಳು. ಸಾಹೇಬ ಇಂಗ್ಲಿಷಿನಲ್ಲಿ ಮೆಲ್ಲಗೆ ಮಾತಾಡಿದ. ಕಂಪ್ಲಿಗೆ ಹೋಗಿದ್ದರಂತೆ, ಹಾಲಸ್ವಾಮಿ ಕನ್ನಡದಲ್ಲಿ ಹೇಳಿದ. ಜಡೆಪ್ಪನ ಬಟ್ಟೆ ಹೊದಿಸಿದ ಹರಿಗೋಲನ್ನು ಓಡಿಸುತ್ತಿದ್ದ ಅಂಬಿಗ ಸತ್ತುಹೋಗಿದ್ದಾನೆ, ಹರಿಗೋಲು ಮುರಿದು ಅದರ ಬಟ್ಟೆಯನ್ನು ಅವನ ಮನೆಯವರು ಬೆಲ್ಲದ ಗಾಣದ ಒಲೆಗೆ ಹಾಕಿದ್ದಾರೆ, ಚೆನ್ನಾಗಿ ಉರಿಯಿತಂತೆ. ಇನ್ನು ಉಳಿದಿರುವುದು ಕಾಗದಗಳಷ್ಟೇ.

"ನಿಮ್ಮ ಯಜಮಾನ್ರು ಭಾಳ ದೊಡ್ಡ ಬುದ್ಧಿವಂತ್ರು ಅಂತಾರ ಸಾಹೇಬ್ರು," ಹಾಲಸ್ವಾಮಿ ಬಾಗಿಲ ಕಡೆ ತಿರುಗಿ ಹೇಳಿದ. "ಒಬ್ಬರs, ಯಾರ ಸಹಾಯಾನೂ ಇಲ್ಲದ, ಇಂಥಾದ್ದು ಕಂಡುಹಿಡದಾರ ಅಂದ್ರ ಆಶ್ಚರ್ಯ ಅಂತಾರ."

ಅಷ್ಟು ಹೊತ್ತೂ ಅವಳು ಯಾವುದೋ ಒಂದು ಸುಳ್ಳನ್ನು ನಾಲಗೆಯ ತುದಿಯಲ್ಲಿ ಸಿದ್ಧಮಾಡಿಕೊಳ್ಳುತ್ತಿದ್ದಳು. ಯಾರ ಸಹಾಯವೂ ಇಲ್ಲದೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅದು ಎಲ್ಲಿ ಹೋಯಿತೋ. ಅವಳು ಬಾಗಿಲ ಹಿಂದಿನಿಂದ ಹೊರಗೆ ಬಂದಳು. ಉಜ್ಜಿನಪ್ಪನ ಕಣ್ಣು ಗೋಡೆಗೆ ಹೋಯಿತು.

"ಕಾಗದ ಇಲ್ರಿ," ಎಂದಳು. "ನೆನಿ ಹಾಕಿ ಕುಟ್ಟೀನಿ. ಬುಟ್ಟಿ ಮಾಡೀನಿ."

ಹೊರಗೆ ಗಿರಣಿಯ ಎಂಜಿನ್ನಿನ ಸದ್ದು ಕೇಳುತ್ತಿತ್ತು. ಸಾಹೇಬ ಹಾಲಸ್ವಾಮಿಯ ಮುಖ ನೋಡಿದ. ಹಾಲಸ್ವಾಮಿ ಉಜ್ಜಿನಪ್ಪನ ಮುಖ ನೋಡಿದ. ಉಜ್ಜಿನಪ್ಪ, ಅವಳು ಈ ಮನೆಗೆ ಬಂದಾಗಿನಿಂದ ಮೊದಲ ಸಲ, ಅವಳ ಮುಖವನ್ನೇ ನೆಟ್ಟು ನೋಡಿದ. ಆಮೇಲೆ ಗುಮಾಸ್ತನ ಕಡೆ ತಿರುಗಿ ಸಣ್ಣಗೆ ತಲೆಯಾಡಿಸಿದ. ಏನೆಂದು ತಲೆಯಾಡಿಸಿದನೋ ಹಾಲಸ್ವಾಮಿಗೆ ಅರ್ಥವಾಯಿತು. ಅವನು ಗಂಟಲು ಸರಿಮಾಡಿಕೊಂಡು ಸಾಹೇಬನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದ. ಸಾಹೇಬ ಕಣ್ಣು ಮುಚ್ಚಿ, ಕನ್ನಡಕ ತೆಗೆದು, ಮೂಗಿನ ಬುಡವನ್ನು ಎರಡು ಬೆರಳಿನಿಂದ ಒತ್ತಿಕೊಂಡ. ಸಿಟ್ಟಾಗಲಿಲ್ಲ. ಬೈಯಲಿಲ್ಲ. ದೂರದಿಂದ ನಡೆದು ಬಂದು ಬಾವಿಯಲ್ಲಿ ನೀರಿಲ್ಲದ್ದು ಕಂಡವನ ಹಾಗೆ ಸುಮ್ಮನೆ ಕೂತ. ಅವಳು ಕಾದಳು. ಏನಾದರೂ ಆಗಬೇಕಿತ್ತು.

ಹಾಲಸ್ವಾಮಿ ಹಲಗೆಯ ಮೇಲೆ ಒಂದು ಹಾಳೆಯಿಟ್ಟು ಬರೆದ. ಬರೆದು ಓದಿದ. "ಸದರಿ ಮೃತ ಜಡೆಪ್ಪನವರ ಕಾಗದಪತ್ರಗಳು ಇದ್ದ ಪೆಟ್ಟಿಗೆಗೆ ಗೆದ್ದಲು ಹತ್ತಿ ಸಂಪೂರ್ಣ ನಾಶವಾಗಿರುತ್ತವೆ ಎಂದು ಅವರ ಹೆಂಡತಿಯ ಹೇಳಿಕೆ."

"ಗೆದ್ದಲಲ್ರಿ," ಎಂದಳು ಪಂಪಮ್ಮ. "ನಾನು."

"ತಂಗೀ," ಎಂದ ಉಜ್ಜಿನಪ್ಪ.

"ಯವ್ವಾ, ಕೇಳ್ರಿ ಇಲ್ಲೆ," ಹಾಲಸ್ವಾಮಿ ದನಿ ತಗ್ಗಿಸಿದ. ಸಾಹೇಬನಿಗೆ ಕನ್ನಡ ಬಾರದೆಂದು ಗೊತ್ತಿದ್ದರೂ ತಗ್ಗಿಸಿದ. "ಯುದ್ಧದ ಕಾಯ್ದೆ ಐತಿ. ನೀವು ಹೇಳಿದಂಗ ಬರದ್ರ ಯಾಕ ಕುಟ್ಟಿದಿ, ಯಾರು ಹೇಳಿದ್ರು, ಯಾವ ಪಾರ್ಟಿಯವರು ಅಂತ ಮ್ಯಾಲಿನವರು ಕೇಳತಾರ. ಗಿರಣಿ ಲೈಸೆನ್ಸು ನಿಮ್ಮ ಭಾವಾರ ಹೆಸರಿಲೆ ಐತಿ. ಈಗ ಅಕ್ಕಿ ಮ್ಯಾಲೆ ಎಂಥಾ ಕಂಟ್ರೋಲ್ ಐತಿ ನಿಮಗೂ ಗೊತ್ತು. ಯಾಕ ಸುಮ್ಮನ? ತಿಳೀಲಾರದ ಆಗಿ ಹೋಗೈತಿ. ಹೆಣ್ಣಮಕ್ಕಳಿಗೆ ಏನ್ ಗೊತ್ತಾಗತೈತಿ ಇಂಥಾದ್ದು?"

ತಿಳಿಯದೆ ಆದದ್ದಲ್ಲ. ಅದನ್ನು ಹೇಳಲು ಬಾಯಿ ತೆರೆದಳು. ಯಾಕೆ ಕುಟ್ಟಿದೆ ಎಂದು ಕೇಳಿದರೆ ಏನು ಹೇಳುವುದು? ಎರಡು ಚೀಲ ಮರಳಿನ ಪಕ್ಕ ನನ್ನನ್ನು ಬರೆದಿದ್ದ, ಅದಕ್ಕೆ ಎಂದು ಈ ಗಂಡಸರ ನಡುವೆ ನಿಂತು ಹೇಳುವುದೇ? ಹೇಳಿದರೆ ನಗುತ್ತಾರೆ, ನಕ್ಕರೂ ಪರವಾಗಿಲ್ಲ, ಅಯ್ಯೋ ಪಾಪ ಎಂದರೆ? ಭಾವ ಗೋಡೆ ನೋಡುತ್ತಿದ್ದ. ಅವನ ಕುತ್ತಿಗೆಯ ನರ ಉಬ್ಬಿತ್ತು. ಆ ಗಿರಣಿಯ ದುಡ್ಡಿನ ಜೋಳವನ್ನೇ ಅವಳು ಉಣ್ಣುತ್ತಿದ್ದಳು. ಹಾಲಸ್ವಾಮಿ ಮಸಿಯ ಡಬ್ಬಿ ತೆಗೆದು, ಹೆಬ್ಬೆರಳಿಗೆ ಹಚ್ಚಲು ಅದನ್ನು ಅವಳ ಕಡೆ ಸರಿಸಿದ.

"ಬರೀತೀನ್ರಿ," ಎಂದಳು.

"ಅಕ್ಷರ ಬರತಾವೇನು?" ಅವನು ಆಶ್ಚರ್ಯದಿಂದ ಪೆನ್ನು ಕೊಟ್ಟ. ಅವಳು ನೆಲಕ್ಕೆ ಕೂತು, ಹಾಳೆಯನ್ನು ಹೊಸ್ತಿಲ ಮೇಲಿಟ್ಟು, ಗೆದ್ದಲಿನ ಹೇಳಿಕೆಯ ಕೆಳಗೆ ತನ್ನ ಹೆಸರನ್ನು ದುಂಡಗೆ ಬರೆದಳು. ಸಾಹೇಬ ಎದ್ದು ಅವಳಿಗೆ ಕೈ ಮುಗಿದ. ಅಷ್ಟು ದೊಡ್ಡ ಮನುಷ್ಯನ ಹೆಂಡತಿಗೆ ಸಲ್ಲಬೇಕಾದ ನಮಸ್ಕಾರ ಅದು. ತಿರುಗಿ ಕೈ ಮುಗಿಯಲು ಹೋದಳು. ಕೈಯಲ್ಲಿ ಪೆನ್ನು ಹಾಗೆಯೇ ಇತ್ತು.

ಅವರ ಮೋಟಾರು ಹೋದ ಮೇಲೆ ಉಜ್ಜಿನಪ್ಪ ಪಡಸಾಲೆಗೆ ಮರಳಿ ಬಂದ. ಈ ಸಲ ಕೆಮ್ಮಲಿಲ್ಲ. ನೇರ ಒಲೆಯ ತನಕ ಬಂದು ಹಿಟ್ಟಿನ ಬುಟ್ಟಿಯನ್ನು ನೋಡುತ್ತ ನಿಂತ. ಬೈಯಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಅವನು ಬಗ್ಗಿ ಅದರ ಅಂಚನ್ನು ಬೆರಳಿನಿಂದ ಮುಟ್ಟಿದ, ಕಾದ ಹಂಚನ್ನು ಮುಟ್ಟಿದವನ ಹಾಗೆ ಬೆರಳು ಹಿಂದೆಗೆದುಕೊಂಡ.

"ಅವನು ಸಣ್ಣಾಂವ ಇದ್ದಾಗ," ಎಂದ, "ಮಳಿ ಬಂದ್ರ ತಾಳಿಮರದ ಗರಿ ಮ್ಯಾಲೆ ಎಣ್ಣಿ ಸವರಿ ನೀರು ಹೆಂಗ ಜಾರತೈತಿ ಅಂತ ನೋಡಕೋತ ಕುಂದರತಿದ್ದ. ನಾ ನಗತಿದ್ದೆ." ಬೆರಳಿಗೆ ಹತ್ತಿದ ಹಿಟ್ಟನ್ನು ಪಂಚೆಗೆ ಒರೆಸಿಕೊಂಡ. "ಈ ಮಾತು ಹೊರಗ ಹೋಗಬಾರದು. ಗೆದ್ದಲು ಅಂದ್ರ ಗೆದ್ದಲು. ಗೊತ್ತಾತಿಲ್ಲ?"

"ಆತ್ರಿ."

ಯಾಕೆ ಎಂದು ಅವನೂ ಕೇಳಲಿಲ್ಲ. ಬಾಗಿಲ ತನಕ ಹೋದವನು ನಿಂತು, ನಾಳೆಯಿಂದ ಮುಂದಿನ ಮನೆಯಲ್ಲೇ ಎಲ್ಲರ ಜೊತೆ ಉಣ್ಣು, ಒಬ್ಬಳೇ ಇದ್ದರೆ ಮನಸ್ಸು ಏನೇನೋ ಆಗುತ್ತದೆ ಎಂದ. ಅದು ಪ್ರೀತಿಯೋ ಕಾವಲೋ ಅವಳಿಗೆ ತಿಳಿಯಲಿಲ್ಲ. ಜೇಲಿನ ಭಯ ಹೋಗಿತ್ತು. ಗೆದ್ದಲು ಎಂಬ ಮಾತು ಮಾತ್ರ ಹೋಗಿರಲಿಲ್ಲ. ಗೆದ್ದಲಿಗೆ ಅಷ್ಟು ಸಿಟ್ಟಿರುತ್ತದೆಯೇ? ಗೆದ್ದಲು ಯಾರು ಬರೆದದ್ದೆಂದು ನೋಡಿ ತಿನ್ನುತ್ತದೆಯೇ? ಅಷ್ಟು ವರ್ಷ ಎಣ್ಣೆ ಕಲಕಿದ್ದು ಯಾರೂ ಅಲ್ಲ. ಅದನ್ನು ನಾಶಮಾಡಿದ್ದೂ ಯಾರೂ ಅಲ್ಲ. ಮದರಾಸಿನ ಯಾವುದೋ ಕಪಾಟಿನಲ್ಲಿ ಆ ಹಾಳೆ ಹೋಗಿ ಕೂರುತ್ತದೆ, ಅಲ್ಲಿಂದ ಅದನ್ನು ಯಾರೂ ತೆಗೆಯುವುದಿಲ್ಲ. ಅತ್ತ ಅಸ್ಸಾಮಿನ ಮಳೆಯಲ್ಲಿ ಸುಂಕಮ್ಮನ ಮಗ ತೊಯ್ಯುತ್ತಾನೆ. ಆ ಬಟ್ಟೆ ಅವನ ತನಕ ಹೋಗುತ್ತಿತ್ತೋ ಇಲ್ಲವೋ, ಅದನ್ನು ಇನ್ನು ದೇವರಿಂದಲೂ ಹೇಳಲಾಗದು.

ಮಾರನೆಯ ಬೆಳಿಗ್ಗೆ ಬಸವಣ್ಣ ಕಾಲುವೆಯಲ್ಲಿ ಸುಂಕಮ್ಮ ಕೌದಿ ತೊಳೆಯುತ್ತಿದ್ದಳು. ಸಂಕ್ರಾಂತಿ ಹತ್ತಿರ ಬಂದಿತ್ತು. ಊರಿನ ಹಾಸಿಗೆ ಹೊದಿಕೆಯೆಲ್ಲ ಕಾಲುವೆಗೆ ಬರುವ ದಿನಗಳು. ಬಿಸಿಲೇರುವ ಮೊದಲೇ ಬಂದಿದ್ದರಿಂದ ದಡದಲ್ಲಿ ಮತ್ತೆ ಯಾರೂ ಇರಲಿಲ್ಲ. ಪಂಪಮ್ಮ ತನ್ನ ಎರಡು ಸೀರೆ ಹಿಡಿದುಕೊಂಡು ಮೆಟ್ಟಿಲಿಳಿದಳು.

"ಕೇಳಿದೆ," ಎಂದಳು ಸುಂಕಮ್ಮ ಕೌದಿಯನ್ನು ತುಳಿಯುತ್ತಲೇ. "ಏನ್ ಮಾಡಾಕಾಗತೈತಿ. ಗೆದ್ದಲಿಗೆ ಬಾಯಿ ಕಟ್ಟಾಕ ಬರತೈತೇನು? ನೀ ಮನಸಿಗೆ ಹಚ್ಚಿಕೋಬ್ಯಾಡ. ನಮ್ಮ ನಸೀಬದಾಗ ಇರಲಿಲ್ಲ."

ಪಂಪಮ್ಮ ಸೀರೆಗಳನ್ನು ಕಲ್ಲಿನ ಮೇಲಿಟ್ಟಳು. ಹೇಳಬಾರದು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. "ಸುಂಕಕ್ಕಾ, ಗೆದ್ದಲು ತಿಂದಿಲ್ಲ. ನಾನs ಹರದು ನೆನಿ ಹಾಕಿದೆ. ಬುಟ್ಟಿ ಮಾಡಿದೆ."

ಸುಂಕಮ್ಮನ ಕಾಲು ನಿಂತಿತು. "ಯಾವ ಬುಟ್ಟಿ?"

"ಬ್ಯಾಸಿಗ್ಯಾಗ ಮಾಡಿದ್ನಲ್ಲ, ಅವು."

"ನನಗ ಕೊಟ್ಟಿದ್ದು?"

"ಅದೂನು."

"ಅದರಾಗ ನಾ ರೊಟ್ಟಿ ಇಡತೀನಲ್ಲಬೇ." ಸುಂಕಮ್ಮನ ದನಿ ಏರಲಿಲ್ಲ. ಕೌದಿಯ ಬಣ್ಣ ಬಿಟ್ಟ ನೀರು ಅವಳ ಕಾಲಿನ ಸುತ್ತ ಹರಿದು ಹೋಗುತ್ತಿತ್ತು. "ತಿಳೀಲಾರದ ಮಾಡಿದೇನು?"

"ಯುದ್ಧಕ್ಕ ಬೇಕಾಗತೈತಿ ಅಂತ ತಿಳಿದಿರಲಿಲ್ಲ. ನಮ್ಮ ಮನಿಯವರಿಗೆ ಅದು ಜೀವ ಅಂತ ತಿಳಿದಿತ್ತು."

"ಹಂಗಾರ ತಿಳಿದs ಮಾಡೀದಿ."

"ಹೂಂ. ತಿಳಿದs ಮಾಡೀನಿ."

ಇಷ್ಟನ್ನು ಯಾರಾದರೂ ಕೇಳಲಿ ಎಂದು ನಿನ್ನೆಯಿಂದ ಬಾಯಾರಿದ್ದಳು. ಕೇಳಿಯಾಯಿತು. ಹಗುರಾಗಬೇಕಿತ್ತು. ಸುಂಕಮ್ಮ ಅವಳನ್ನು ನೋಡಲಿಲ್ಲ, ನೀರನ್ನು ನೋಡಿದಳು. ಅವಳ ಮುಖ ಒಂದೇ ಗಳಿಗೆಯಲ್ಲಿ ಮುದುಕಿಯದಾಗಿತ್ತು. "ನನಗ್ಯಾಕ ಹೇಳಿದಿ ಇದನ್ನ?" ಎಂದಳು ಕೊನೆಗೆ. "ಗೆದ್ದಲು ಅಂತ ಇದ್ದಿದ್ರ ಗೆದ್ದಲನ್ನ ಬೈಕೋತ ಇರತಿದ್ದೆ. ನಿನ್ನ ಹೆಂಗ ಬೈಲಿ? ಅವನ ಕಾಗದ ಬಂದ್ರ ನಿನ ಬಾಯಿಂದ ಹೆಂಗ ಕೇಳಲಿ?"

ಸರ್ಕಾರ ತೆಗೆದುಕೊಳ್ಳದೆ ಹೋದ ನಿಜವನ್ನು ತಾನು ತಂದು ಈ ಹೆಂಗಸಿನ ಮಡಿಲಿಗೆ ಸುರಿದಿದ್ದೇನೆ, ಅದೂ ತನಗೆ ಹೊರಲಾರದೆ, ಎಂಬುದು ಪಂಪಮ್ಮನಿಗೆ ಈಗಷ್ಟೇ ಕಾಣಿಸಿತು. ತಪ್ಪಾಯಿತು ಎನ್ನಲು ಹೋದಳು; ಯಾವ ತಪ್ಪಿಗೆ ಎಂದು ಗೊತ್ತಾಗಲಿಲ್ಲ. ದಡದ ಮೇಲೆ ಎತ್ತಿನ ಗಾಡಿಯೊಂದು ಮರಿಯಮ್ಮನಹಳ್ಳಿಯ ಕಡೆ ಹೋಯಿತು.

ಆಮೇಲೆ ಸುಂಕಮ್ಮ ಬಗ್ಗಿ ನೀರಿನಿಂದ ಕೌದಿಯನ್ನು ಎಳೆದಳು. ನೆನೆದ ಕೌದಿ ಒಬ್ಬರಿಂದ ಏಳುವಂಥದ್ದಲ್ಲ. ಒಂದು ತುದಿಯನ್ನು ಎದೆಗೆ ಅವುಚಿಕೊಂಡು ನಿಂತು, ಇನ್ನೊಂದನ್ನು ಮುಖ ತಿರುಗಿಸಿಯೇ ಮುಂದಕ್ಕೆ ಚಾಚಿದಳು.

"ಆ ಕಡಿ ಹಿಡಿ."

ಪಂಪಮ್ಮ ನೀರಿಗಿಳಿದು ಹಿಡಿದಳು. ಅವಳು ಎಡಕ್ಕೆ, ಸುಂಕಮ್ಮ ಬಲಕ್ಕೆ ತಿರುವತೊಡಗಿದರು. ಕೌದಿ ನಡುವೆ ಹುರಿಗೊಂಡು ನೀರು ದಬದಬ ಸುರಿಯಿತು, ಆಮೇಲೆ ಹನಿಹನಿಯಾಯಿತು. ಹಿಂಡುವಷ್ಟು ಹಿಂಡಿಯಾಗಿತ್ತು. ಸುಂಕಮ್ಮ ನಿಲ್ಲಿಸಲಿಲ್ಲ. ತುಟಿ ಕಚ್ಚಿ ಇನ್ನೊಂದು ಸುತ್ತು ತಿರುವಿದಳು, ಮತ್ತೊಂದು ಸುತ್ತು. ಆ ಎಳೆತಕ್ಕೆ ಪಂಪಮ್ಮನ ಕಾಲಡಿಯ ಕಲ್ಲು ಜಾರಿತು. ಸಾವರಿಸಿಕೊಂಡು ಗಟ್ಟಿಯಾಗಿ ನಿಂತಳು, ತನ್ನ ತುದಿಯನ್ನು ಬಿಡಲಿಲ್ಲ.